ಮರ್ಯಾದಸ್ಥರ ಮೀಟರ್ ಬಡ್ಡಿ

ಮೀಟರ್ ಬಡ್ಡಿ ಎಂದರೆ ನಮ್ಮಂಥ ಮರ್ಯಾದಸ್ಥರು ಮೂಗು ಮುರಿಯುತ್ತೇವೆ. ಅದು ತಳ್ಳುಗಾಡಿಯವರ ಪಾಡು. ಪಾಪ, ಅವರಿಗೆ ಲೆಕ್ಕ ಬರುವುದಿಲ್ಲ. ನಮಗೆ ಬರುತ್ತದೆ. ಆದ್ದರಿಂದಲೇ ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ ಮೂರೂವರೆಯಂತೆ, ವರ್ಷಕ್ಕೆ ಶೇ. 42ರ ಬಡ್ಡಿ ತೆರುತ್ತೇವೆ, ಅದೂ ‘ಡಿಯರ್ ಕಸ್ಟಮರ್’ ಅನ್ನಿಸಿಕೊಂಡು. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಚಿನ್ನ ಅಡವಿಟ್ಟರೆ ಹತ್ತು-ಹನ್ನೆರಡಕ್ಕೆ ಸಾಲ ಸಿಕ್ಕೀತು. ಆದರೆ ಅಲ್ಲಿ ಬೆಂಚಿನ ಮೇಲೆ ಕೂತು ಕಾಯಬೇಕು, ಅವರು ಬಳೆಯನ್ನು ಒರೆಗಲ್ಲಿಗೆ ಉಜ್ಜಿ ನೋಡಬೇಕು, ಅಷ್ಟರಲ್ಲಿ ಪಕ್ಕದ ಬೀದಿಯವರು ಎದುರಾಗಿ ‘ಏನು, ಈ ಕಡೆ?’ ಎನ್ನಬೇಕು. ಬಳೆ ಉಜ್ಜಿದರೆ ಅವಮಾನ, ಕಾರ್ಡ್ ಉಜ್ಜಿದರೆ ಗೌರವ. ಆ ಒಂದು ‘ಏನು, ಈ ಕಡೆ?’ಯಿಂದ ತಪ್ಪಿಸಿಕೊಳ್ಳಲು ನಾವು ವರ್ಷಕ್ಕೆ ಶೇ. 30ರಷ್ಟು ಹೆಚ್ಚಿಗೆ ಕಟ್ಟುತ್ತಿದ್ದೇವೆ. ಕೆಲಸ ಹೋದ ಕಾಲದಲ್ಲಿ ನಮ್ಮನ್ನು ಖರ್ಚಿಗಿಂತ ಸಂಕೋಚವೇ ಹೆಚ್ಚು ಮುಳುಗಿಸುತ್ತದೆ ಎಂಬುದು ನನ್ನ ವಾದ.

ಈ ಸಂಕೋಚಕ್ಕೆಂದೇ ಹೇಳಿ ಮಾಡಿಸಿದ್ದು ‘ಮಿನಿಮಮ್ ಡ್ಯೂ’. ಲಕ್ಷ ರೂಪಾಯಿ ಬಾಕಿ ಇದೆ, ಅದರ ಶೇ. 5 ಕಟ್ಟಿದರೆ ಈ ತಿಂಗಳು ಪಾರು ಎಂದಿಟ್ಟುಕೊಳ್ಳಿ. 5,000 ಕಟ್ಟಿ ಮೀಸೆ ತಿರುವುತ್ತೇವೆ. ಅದರಲ್ಲಿ 3,500 ಬಡ್ಡಿಗೆ ಹೋಯಿತು. ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ 630. ಸಾಲಗಾರನ ಸಂಕಟದಲ್ಲಿ ಸರ್ಕಾರವೂ ಭಾಗಿ. ಅಸಲಿಗೆ ಸಂದದ್ದು 870. ಈ 870ರ ಮುಂದೆ ಒಂದು ಗಳಿಗೆ ಕೂರಬೇಕು. ಊರ ಜಾತ್ರೆಗೆಂದು ಐದು ಸಾವಿರ ಚಂದಾ ಎತ್ತಿ, ವಸೂಲಿಗೆ ಹೋದವರ ಕಾಫಿ, ತಿಂಡಿ, ಪೆಟ್ರೋಲು ಎಂದು 4,130 ಖರ್ಚು ಬರೆದು, ಮಿಕ್ಕದ್ದನ್ನು ಭಕ್ತಿಯಿಂದ ಹುಂಡಿಗೆ ಹಾಕಿದ ಹಾಗೆ. ಜಾತ್ರೆಯಲ್ಲಾದರೆ ಲೆಕ್ಕ ಕೇಳುವವರಿರುತ್ತಾರೆ, ಕೊರಳಪಟ್ಟಿ ಹಿಡಿಯುವವರೂ ಇರುತ್ತಾರೆ. ಇಲ್ಲಿ ‘ಪೇಮೆಂಟ್ ರಿಸೀವ್ಡ್’ ಎಂಬ ಸಂದೇಶವನ್ನು ಎರಡು ಸಲ ಓದಿ ಕೃತಾರ್ಥರಾಗುತ್ತೇವೆ. ಬಾಕಿ ಉಳಿಸಿಕೊಂಡವರಿಗೆ ಬಡ್ಡಿಯಿಲ್ಲದ ಅವಧಿಯೂ ಇಲ್ಲ. ಮರುದಿನ ಕಾರ್ಡಿನಲ್ಲಿ ಕೊಂಡ ಹಾಲಿನ ಪ್ಯಾಕೆಟ್ಟಿಗೂ ಅವತ್ತಿನಿಂದಲೇ ಬಡ್ಡಿ ಶುರು, ಹಾಲು ಇನ್ನೂ ಉಕ್ಕಿರುವುದಿಲ್ಲ. ಕನಿಷ್ಠ ಮೊತ್ತ ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತಲೇ ಹೋಗುವಂತಿರಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಹಾಗೆ ನೋಡಿದರೆ ಈ 870 ನಮ್ಮ ಸುದೈವ!

ಇಷ್ಟೊಂದು ಬಡ್ಡಿಗೆ ಕಾನೂನು ಲಗಾಮು ಹಾಕುವುದಿಲ್ಲವೇ ಎಂದರೆ, ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಶೇ. 30ರ ಮಿತಿ ಹಾಕಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಇನ್ನು ದುಂದು ಬಿಡಿ, ಹೋಟೆಲ್ ಕಾಫಿ ಬಿಡಿ ಎಂದು ಮೊಬೈಲಿನೊಳಗಿಂದ ಬೋಧಿಸುವ ಹಣಕಾಸು ಗುರುಗಳಿದ್ದಾರೆ. ಇವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಷ್ಟ ಬಂದವರು ಕಾರ್ಡ್ ಉಜ್ಜುವುದು ಜೂನ್ ತಿಂಗಳ ಸ್ಕೂಲ್ ಫೀಸಿಗೆ, ಆಸ್ಪತ್ರೆಯ ಅಡ್ವಾನ್ಸಿಗೆ. ಎಷ್ಟು ಕಾಫಿ ಬಿಟ್ಟರೆ ಒಂದು ದಿನದ ಐಸಿಯು ಆಗುತ್ತದೆಂದು ಅವರು ಹೇಳಲಿ. ಕೊರೊನಾ ಕಾಲದ ಕಷ್ಟವನ್ನೇ ನೋಡಿ: 2020ರ ಮಾರ್ಚಿನಲ್ಲಿ ಸಾಲದ ಕಂತುಗಳಿಗೆ ವಿನಾಯಿತಿ ಸಿಕ್ಕಿ, ಆಗಸ್ಟ್ ಕೊನೆಯವರೆಗೆ ಮುಂದುವರಿಯಿತು. ವಿನಾಯಿತಿ ಕಂತಿಗೇ ಹೊರತು ಬಡ್ಡಿಗಲ್ಲ. ದೇಶವೇ ಬಾಗಿಲು ಹಾಕಿಕೊಂಡಿದ್ದಾಗ ರಾತ್ರಿ ಹಗಲು ಓಡಾಡುತ್ತಿದ್ದದ್ದು ಆಂಬುಲೆನ್ಸು ಮತ್ತು ಬಡ್ಡಿ.

ಕಾರ್ಡಿನ ಸಾಲಕ್ಕೆ ಅಡಮಾನವಿಲ್ಲ, ಚಿನ್ನವಾದರೆ ಬಿಡಿಸಿಕೊಳ್ಳದಿದ್ದರೆ ಹರಾಜಾಗುತ್ತದಲ್ಲ ಎಂಬ ಆಕ್ಷೇಪಣೆಗೆ ಮಾತ್ರ ತೂಕವಿದೆ. ಮುಂದಿನ ಸಂಬಳ ಎಲ್ಲಿಂದ ಬರುತ್ತದೆಂದೇ ತಿಳಿಯದವರು ಬಳೆ ಬಿಚ್ಚಿಸಬಾರದು, ಒಪ್ಪುತ್ತೇನೆ. ಅಂಥವರು ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಾಗಿ ಮಾಡಿಕೊಡಿ ಎಂದು ಕೇಳಬೇಕು. ಅದಕ್ಕೂ ಬಾಯಿ ಬಿಡಬೇಕು. ಅದಕ್ಕೂ ಮೊದಲು ಮನೆಯಲ್ಲಿ ಬಾಯಿ ಬಿಡಬೇಕು. ಬಳೆ ಹೆಂಡತಿಯದು, ಮರ್ಯಾದೆ ಗಂಡನದು. ಎಷ್ಟೋ ಮನೆಗಳಲ್ಲಿ ಸಾಲವಿದೆ ಎಂಬುದೇ ಬಳೆ ತೊಟ್ಟವರಿಗೆ ತಿಳಿದಿರುವುದಿಲ್ಲ, ವಸೂಲಿಯವರ ಫೋನ್ ಅವರ ಕೈಗೆ ಸಿಗುವ ತನಕ. ಅಡವಿಟ್ಟು ಕಾರ್ಡ್ ತೀರಿಸಿದವರು ಅದನ್ನು ಜೇಬಿನಲ್ಲೇ ಉಳಿಸಿಕೊಂಡರೆ ಎರಡು ಸಾಲ ಖಾತ್ರಿ ಎನ್ನುವುದೂ ನಿಜ. ಅದಕ್ಕೆ ಕಾರ್ಡನ್ನೇ ಮುಚ್ಚಿಸಬೇಕು. ಅರ್ಜಿ ಕೊಟ್ಟ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಮಗೆ ದಂಡ ತೆರಬೇಕೆಂಬ ನಿಯಮವಿದೆ. ಅವರು ಒಂದು ತಿಂಗಳು ತಡಮಾಡಲಪ್ಪ ಎಂದು ಹರಕೆ ಹೊರುವಂಥ ನಿಯಮ. ಷರತ್ತು ಒಂದೇ, ಕಾರ್ಡಿನಲ್ಲಿ ಬಾಕಿ ಇರಕೂಡದು.