ಸಿಗ್ನಲ್ ಮೀಮಾಂಸೆ

ಕಡಲು ದಾಟಿದವನಿಗೆ ದೋಷ ತಗಲುತ್ತದೆ ಎಂದು ಹಿಂದಿನವರು ನಂಬಿದ್ದರು. ದೋಷದ ಸ್ವರೂಪವೇನೆಂಬ ಬಗ್ಗೆ ಇಂದಿನ ಶಾಸ್ತ್ರಕಾರರಲ್ಲಿ ಗೊಂದಲವಿಲ್ಲ: ದೇವನಹಳ್ಳಿಯಲ್ಲಿ ಏರ್‌ಪ್ಲೇನ್ ಮೋಡ್‌ಗೆ ಹಾಕಿದ ಫೋನು ಪರದೇಶದಲ್ಲಿ ಕಣ್ಣು ಬಿಟ್ಟು ‘ನೋ ಸರ್ವಿಸ್’ ಎಂದು ತೋರಿಸುವುದೇ ಸಮುದ್ರೋಲ್ಲಂಘನ ದೋಷ. ಇದರ ಪರಿಹಾರವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮದಲ್ಲಿ ವಿಚಾರಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ವಿಷಯ. ಹೋಟೆಲ್ ಕೋಣೆಗೆ ಕಾಲಿಟ್ಟೊಡನೆ, ಕಿಟಕಿಯ ಪರದೆ ಸರಿಸುವ ಮುನ್ನ, ಗೋಡೆಯ ಬುಡ ತಡಕುವವನೇ ಪ್ರವಾಸಿ ಎಂಬುದು ಲಕ್ಷಣ. ಅವನು ಹುಡುಕುವ ಪ್ಲಗ್ ಪಾಯಿಂಟಿನಲ್ಲಿ ಎ ಅಕ್ಷರದಿಂದ ಓ ವರೆಗೆ 15 ಜಾತಿಗಳುಂಟು. ಭಾರತದ್ದು ಮುಖ್ಯವಾಗಿ ಡಿ, ಬ್ರಿಟನ್ನಿನದು ಜಿ, ಆಸ್ಟ್ರೇಲಿಯಾದ್ದು ಐ, ಸ್ವಿಟ್ಜರ್ಲೆಂಡಿನದು ಜೆ. ಲ್ಯಾಪ್‌ಟಾಪಿನ ಅಡಾಪ್ಟರನ್ನು ತಿರುಗಿಸಿ ನೋಡಿದರೆ ‘100–240 ವೋಲ್ಟ್, 50–60 ಹರ್ಟ್ಸ್’ ಎಂಬ ಶಾಸನ ಸಾಮಾನ್ಯವಾಗಿ ಕಾಣುತ್ತದೆ. ಜಪಾನಿನ 100 ವೋಲ್ಟನ್ನೂ ನಮ್ಮ 230 ವೋಲ್ಟನ್ನೂ ಅದು ಒಂದೇ ಸಮ ಕುಡಿಯುತ್ತದೆ. ವಿದ್ಯುತ್ತಿನಲ್ಲಿ ಭೇದವೆಣಿಸದ ಈ ಮಹಾನುಭಾವನಿಗೆ ಪಿನ್ನಿನಲ್ಲಿ ಮಾತ್ರ ಮಡಿ.

ಜ್ಯೂರಿಕ್‌ನಲ್ಲಿ ಇದಕ್ಕೆ ಪ್ರತ್ಯಕ್ಷ ಪ್ರಮಾಣ ಸಿಗುತ್ತದೆ. ಅಲ್ಲಿನ ಸಾಕೆಟ್ಟು ತಗ್ಗಾಗಿ ಕೂತ ಷಟ್ಕೋನ. ಮೂರು ಸಣ್ಣ ತೂತು, ನಡುವಿನದು ತುಸು ಪಕ್ಕಕ್ಕೆ ಸರಿದಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ‘ಯೂನಿವರ್ಸಲ್’ ಅಡಾಪ್ಟರಿನ ಹೊಟ್ಟೆ ದಪ್ಪ, ತಗ್ಗಿಗೆ ಇಳಿಯದು. ಫೋನ್ ಚಾರ್ಜರಿನ ಬಡಕಲು ಎರಡು ಪಿನ್ನುಗಳು ಮಾತ್ರ ಸಲೀಸಾಗಿ ಒಳಹೋಗುತ್ತವೆ. ಫೋನು ಉಣ್ಣುತ್ತದೆ, ಲ್ಯಾಪ್‌ಟಾಪು ಏಕಾದಶಿ ಮಾಡುತ್ತದೆ.

ಪವರ್ ಬ್ಯಾಂಕಿನ ವಿಧಿ ಚಿಕ್ಕದು. ವಿಮಾನಕ್ಕೆ 100 ವ್ಯಾಟ್-ಅವರ್‌ವರೆಗಿನದನ್ನು ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದು; ಸಾಮಾನ್ಯ 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ. ಆದರೆ ಅದು ಕೈಚೀಲದಲ್ಲೇ ಇರಬೇಕು. ಉಪ್ಪಿನಕಾಯಿ ಚೆಕ್-ಇನ್‌ಗೆ, ಪವರ್ ಬ್ಯಾಂಕು ಹೆಗಲಿಗೆ. ಅದಲುಬದಲಾದರೆ ಎರಡೂ ಹೋದವು.

ಇನ್ನು ಸಂಶಯ: ಪರದೇಶದಲ್ಲಿ ಪ್ರವಾಸಿ ಯಾವ ನಂಬರಿನಿಂದ ಬದುಕಬೇಕು?

‘ನಂಬರೇ ಬೇಡ, ಬಿಟ್ಟಿ ವೈಫೈ ಸಾಕು’ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಕೆಲವು ವಿಮಾನ ನಿಲ್ದಾಣಗಳಲ್ಲಿ ವೈಫೈ ಕೇಳಿದರೆ ಅದು ಫೋನ್ ನಂಬರ್ ಕೇಳಿ ಓಟಿಪಿ ಕಳಿಸುತ್ತದೆ. ಸಿಗ್ನಲ್ ಇಲ್ಲವೆಂದು ವೈಫೈ ಬೇಕು, ವೈಫೈಗೆ ಓಟಿಪಿ ಬೇಕು, ಓಟಿಪಿಗೆ ಸಿಗ್ನಲ್ ಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಚಕ್ರಕ ದೋಷವೆಂದು ಹೆಸರು. ವೈಫೈ ಸಿಕ್ಕಿದರೂ ಕ್ಷೇತ್ರಮಹಿಮೆ ಬಿಡದು. ದುಬೈಯಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆಗೆ ನಿರ್ಬಂಧ. ಚೀನಾದಲ್ಲಿ ಗೂಗಲ್, ಫೇಸ್‌ಬುಕ್, ವಾಟ್ಸ್ಆ್ಯಪ್ ಮೂರಕ್ಕೂ ಬಾಗಿಲು ಬಂದ್.

ಪೂರ್ವಪಕ್ಷ ಬಿದ್ದ ಮೇಲೆ ಉಳಿಯುವುದು ಮೂರು ಮತ. ಶೃಂಗೇರಿ, ಉಡುಪಿ, ಮೇಲುಕೋಟೆ ಮೂರೂ ಇರುವ ನಾಡಿನವರಿಗೆ ಇವನ್ನು ವಿವರಿಸುವುದು ಕಷ್ಟವಲ್ಲ.

ಅದ್ವೈತಿಗಳಿಗೆ ನಂಬರ್ ಒಂದೇ. ಸ್ವದೇಶ ಪರದೇಶವೆಂಬ ಭೇದ ಬರೀ ಭ್ರಮೆ. ಊರಿನ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕಿಸಿ ಹೊರಟುಬಿಡುತ್ತಾರೆ. ಇದರಲ್ಲಿ ಹುರುಳಿಲ್ಲದಿಲ್ಲ: ರೋಮಿಂಗ್ ಡೇಟಾ ಸಾಮಾನ್ಯವಾಗಿ ತವರಿನ ಜಾಲವನ್ನು ಹಾದೇ ಬರುವುದರಿಂದ ಚೀನಾದಲ್ಲೂ ಅವರಿಗೆ ಗೂಗಲ್ ದರ್ಶನ ಕೊಡುವುದುಂಟು. ಪ್ಯಾಕ್ ಮರೆತವರಿಗೆ ಮಾತ್ರ, ಜಗತ್ತು ಮಿಥ್ಯೆಯಲ್ಲವೆಂದು ತಿಂಗಳ ಬಿಲ್ಲು ತಿಳಿಸಿಕೊಡುತ್ತದೆ. ಈ ಮತವನ್ನು ಕಾನೂನನ್ನಾಗಿ ಮಾಡಿದ ಕೀರ್ತಿ ಯುರೋಪಿಯನ್ ಒಕ್ಕೂಟದ್ದು. 2017ರ ಜೂನ್ 15ರಿಂದ ಒಂದು ಸದಸ್ಯ ದೇಶದ ಸಿಮ್ಮು ಇನ್ನೊಂದರಲ್ಲಿ ತವರಿನ ದರಕ್ಕೇ ನಡೆಯುತ್ತದೆ. ಪ್ಯಾರಿಸ್ಸಿನದು ರೋಮಿನಲ್ಲಿ ಮಾತಾಡುತ್ತದೆ. ನಡುವೆ ಕೂತ ಸ್ವಿಟ್ಜರ್ಲೆಂಡ್ ಸದಸ್ಯನಲ್ಲ, ಈ ನಿಯಮ ಅಲ್ಲಿಗೆ ಅನ್ವಯಿಸದು. ಪ್ಲಗ್ಗಿನಲ್ಲಿ ಕಾಟ ಕೊಟ್ಟಿದ್ದೂ ಇದೇ ದೇಶ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ದ್ವೈತಿಗಳಿಗೆ ಊರಿನ ಸಿಮ್ಮು ಬೇರೆ, ಪರದೇಶದ ಸಿಮ್ಮು ಬೇರೆ, ಎರಡೂ ಸತ್ಯ. ಇಳಿದಲ್ಲೇ ಹೊಸ ಸಿಮ್ ಕೊಳ್ಳುತ್ತಾರೆ. ಹಳೆಯದನ್ನು ತೆಗೆಯುವ ಪಿನ್ನು ಫೋನಿನ ಡಬ್ಬಿಯಲ್ಲೇ ಉಳಿದಿರುತ್ತದೆ. ಮನೆಯಾಕೆ ಬಳೆಗೆ ಸಿಕ್ಕಿಸಿಕೊಂಡ ಸೇಫ್ಟಿ ಪಿನ್ನೇ ಕಾರ್ಯಸಾಧಕ. ಉಗುರಿನಷ್ಟು ದೊಡ್ಡ ಹಳೆಯ ಸಿಮ್ಮು ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡು ಪರ್ಸು ಸೇರುತ್ತದೆ. ಮೂರನೆಯ ದಿನ ಯಾರೋ ಆ ಕಾಗದದಿಂದ ಕೈ ಒರೆಸಿಕೊಳ್ಳುತ್ತಾರೆ.

ವಿಶಿಷ್ಟಾದ್ವೈತಿಗಳದು ಇ-ಸಿಮ್. ಕಣ್ಣಿಗೆ ಕಾಣದ ಈ ಸಿಮ್ಮು ಊರಿನ ಸಿಮ್ಮಿನ ಜೊತೆಗೇ ಒಂದೇ ಫೋನಿನಲ್ಲಿ ನೆಲೆಸುತ್ತದೆ. ಅಮೆರಿಕದಲ್ಲಿ 2022ರಲ್ಲಿ ಬಂದ ಐಫೋನ್ 14ರಲ್ಲಿ ಸಿಮ್ ತೂರಿಸುವ ಕಿಂಡಿಯೇ ಇಲ್ಲ. ಅದನ್ನು ಕೊಂಡವರಿಗೆ ಆಯ್ಕೆಯೂ ಇಲ್ಲ.

ಸಿದ್ಧಾಂತಕ್ಕೆ ಒಂದು ನಿದರ್ಶನ. ದಾವಣಗೆರೆಯ ಯಜಮಾನರೊಬ್ಬರು ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಮಗನ ಮನೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಊರಿನ ಮನೆಯಲ್ಲಿ ತಮ್ಮನ ಸಂಸಾರ, ಗ್ಯಾಸ್ ಕನೆಕ್ಷನ್ನು ಅಣ್ಣನ ಹೆಸರಿನಲ್ಲಿ. ದಾವಣಗೆರೆಯಲ್ಲಿ ಮಧ್ಯಾಹ್ನ ಎರಡೂವರೆ ಎಂದರೆ ಅಲ್ಲಿ ರಾತ್ರಿ ಎರಡು. ಫೋನು ಹೊಡೆದುಕೊಳ್ಳುತ್ತದೆ.

“ಅಣ್ಣಾ, ಓಟಿಪಿ ಬಂದೈತೇನು ನೋಡು. ಸಿಲಿಂಡರಿನೋನು ಬಾಗ್ಲಾಗೆ ನಿಂತಾನೆ.”

“ಕನ್ನಡಕ ಎಲ್ಲೈತೋ ಏನೋ, ತಡಿಯಪ್ಪಾ…”

“ಲಗೂನ ಹೇಳು, ಅವ್ನು ಹೊಂಟ.”

ಇದರಿಂದ ಸಿದ್ಧವಾಗುವುದಿಷ್ಟು: ಪ್ರವಾಸಿ ಸಂಪರ್ಕದಲ್ಲಿರುವುದು ಐಫೆಲ್ ಗೋಪುರದ ಫೋಟೋ ಕಳಿಸುವುದಕ್ಕಲ್ಲ. ಅವನ ಬ್ಯಾಂಕು, ಆಧಾರ್, ಗ್ಯಾಸು ಎಲ್ಲವೂ ಊರಿನ ಆ ಹತ್ತಂಕಿಗೆ ನೇತುಬಿದ್ದಿವೆ. ಆದ್ದರಿಂದ ವಿಶಿಷ್ಟಾದ್ವೈತವೇ ಗ್ರಾಹ್ಯ: ಓಡಾಟಕ್ಕೆ ಅಲ್ಲಿಯ ಇ-ಸಿಮ್ಮಿನ ಡೇಟಾ, ಓಟಿಪಿಗೆ ಊರಿನ ಸಿಮ್ಮು. ಊರಿನದರಲ್ಲಿ ಡೇಟಾ ರೋಮಿಂಗ್ ಬಂದ್ ಮಾಡಿಡಬೇಕು; ಅಂತಾರಾಷ್ಟ್ರೀಯ ರೋಮಿಂಗ್ ಸೇವೆಯನ್ನು ವಿಮಾನ ಹತ್ತುವ ಮುಂಚೆಯೇ ಚಾಲೂ ಮಾಡಿಸಿರಬೇಕು, ಅಲ್ಲಿ ಹೋದ ಮೇಲೆ ಅದಕ್ಕೂ ಓಟಿಪಿ ಕೇಳಬಹುದು. ಹಾಗೆಯೇ ಗ್ಯಾಸ್ ಏಜೆನ್ಸಿಯಲ್ಲಿ ಮೊಬೈಲ್ ನಂಬರ್ ಬದಲಿಸಿಕೊಳ್ಳಲು ಅವಕಾಶವಿದೆ. ವೀಸಾ ಕಚೇರಿಗೆ ಹೋಗುವವರು ದಾರಿಯಲ್ಲಿ ಅಲ್ಲಿಗೂ ಹೋಗಿ ಬರುವುದು.