ಚಂದ್ರಿಕೆಯಲ್ಲಿ ಫೋನು

ಬೆಳಗಾವಿ ಪಕ್ಕದ ಹಲಗಾ ಗ್ರಾಮದಲ್ಲಿ 2024ರ ಡಿಸೆಂಬರಿನಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಒಂಬತ್ತರವರೆಗೆ ಟೀವಿ, ಮೊಬೈಲು ಬಂದ್ ಮಾಡಿಸುವ ಪದ್ಧತಿ ತಂದರು. ಸಾಂಗ್ಲಿ ಜಿಲ್ಲೆಯ ಹಳ್ಳಿಯೊಂದು 2022ರಲ್ಲೇ ಈ ದಾರಿ ಹಿಡಿದಿತ್ತು. ಇದನ್ನು ನಾನು ಓದಿದ್ದು ನಡುರಾತ್ರಿ, ಹೊದಿಕೆಯೊಳಗೆ, ಮೊಬೈಲಿನಲ್ಲಿ. ಓದಿದವನಿಗೆ ನಮ್ಮ ಕೂಟಗಲ್‌ನ ಕಾಲೇಜು ಮಕ್ಕಳನ್ನು ಉದ್ಧಾರ ಮಾಡುವ ಹುಕಿ ಹತ್ತಿತು. "ಮೊಬೈಲ್ ಗೀಳಿಗೇ ಅಂತ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆಯಂತೆ, ಮೊದಲು ನೀವು ಹೋಗಿಬನ್ನಿ" ಎಂದಳು ಹೆಂಡತಿ. ನಿವೃತ್ತ ಮೇಷ್ಟರು ಇಂಥದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳಬಾರದು.

ಮಕ್ಕಳೆಂದರೆ ರಾಮನಗರದ ಬಸ್ಸು ಹತ್ತಿ ಡಿಗ್ರಿಗೂ ಎಂ.ಎ.ಗೂ ಹೋಗುವವರು. ಸಂಜೆ ಅರಳಿಕಟ್ಟೆಯಲ್ಲಿ ಕೂತರೆ ಪೊರೆ ಬಿಡಲು ಜ್ವರಕ್ಕೆ ಕೂತ ರೇಷ್ಮೆಹುಳುಗಳೇ: ಅಲ್ಲಾಡುವುದಿಲ್ಲ, ಮೇಯುವುದಿಲ್ಲ. ಹುಳು ತಲೆ ಎತ್ತಿ ಕೂರುತ್ತದೆ, ಇವರು ತಗ್ಗಿಸಿ. ಹುಳುವಾದರೆ ಒಂದು ದಿನಕ್ಕೆಲ್ಲ ಎದ್ದು ಸೊಪ್ಪಿಗೆ ಬಾಯಿ ಹಾಕುತ್ತದೆ.

ಸೈರನ್ನಿಗೆ ಕಾಸೆಲ್ಲಿ? ಪಕ್ಕದ ಹುಳುಮನೆಯಿಂದ, ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಿಕೆಯೊಂದನ್ನು ಖಾಲಿಯಿದ್ದದ್ದು ನೋಡಿ ತಂದು ಕಟ್ಟೆಗೆ ಒರಗಿಸಿ, ಏಳರಿಂದ ಒಂಬತ್ತು ಫೋನೆಲ್ಲ ಇದರ ಸುತ್ತಿನಲ್ಲಿ ಎಂದೆ.

"ಬೋರಲು ಹಾಕಿ ಪಕ್ಕದಲ್ಲೇ ಇಟ್ಕೊಂಡ್ರೆ ಆಗಲ್ವಾ ಸಾರ್?"

ಆಗುವುದಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2017ರಲ್ಲಿ ಬರೆದಿದ್ದಾರೆ: ಫೋನು ಬೇರೆ ಕೋಣೆಯಲ್ಲಿ ಬಿಟ್ಟುಬಂದವರ ಬುದ್ಧಿ ಓಡಿದಷ್ಟು, ಮೇಜಿನ ಮೇಲೆ ಬೋರಲು ಹಾಕಿಕೊಂಡವರದು ಓಡಲಿಲ್ಲ. ಇಸವಿ ನೆನಪಾಗದೆ ನಾನು ಜೇಬಿಗೆ ಕೈ ಹಾಕಿದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

ಏಳು ಹೊಡೆಯಿತು. ಮೊದಲು ಒಂದು ಫೋನು ನಡುಗಿತು. ಬಿದಿರು ತಾನೆ, ಇಡೀ ಚಂದ್ರಿಕೆಯೇ ಗುಂಯ್ ಎಂದಿತು. ಆ ನಡುಕಕ್ಕೆ ಪಕ್ಕದ್ದು ಜರುಗಿ ಕೆಳಸುತ್ತಿಗೆ ಬಿತ್ತು. ಬಿದ್ದ ಪೆಟ್ಟಿಗೆ ಅಲ್ಲಿದ್ದದ್ದು ಟಾರ್ಚ್ ಹತ್ತಿಸಿಕೊಂಡು ನನ್ನ ಮುಖಕ್ಕೇ ಹಿಡಿಯಿತು. ನಾನು ಎರಡೂ ಕೈ ಚಾಚಿ ಚಂದ್ರಿಕೆಯನ್ನು ತಬ್ಬಿ ನಿಂತೆ. ಎದೆಗೆ ಒಂದು, ಹೊಟ್ಟೆಗೆ ಒಂದು ಗುರ್‌ಗುಟ್ಟುತ್ತಿವೆ, ಗದ್ದದಡಿ ಯಾರದೋ ಅಮ್ಮ "ಎಲ್ಲೋ ಸತ್ತೆ?" ಎಂದು ಕೇಳುತ್ತಿದ್ದಾಳೆ. ನನ್ನ ಗದ್ದವೇ ಕರೆ ಎತ್ತಿತ್ತು. "ಇಲ್ಲೇ ಇದ್ದೀನಿ ತಾಯಿ" ಎಂದೆ. ಆಕೆ ಗಾಬರಿಯಾಗಿ ಇಟ್ಟುಬಿಟ್ಟಳು. ಹುಲ್ಲುಹೊರೆ ಹೊತ್ತ ಅಜ್ಜಿಯೊಬ್ಬರು ನಿಂತು ನೋಡಿ, "ಏನ್ ಮೇಷ್ಟ್ರೇ, ಹುಳ ಹಣ್ಣಾದ್ವಾ?" ಅಂದರು. ಬೆನ್ನಿಗೇ ಬಂದ ರೈತರೊಬ್ಬರಿಗೆ ರಾಮನಗರ ಮಾರುಕಟ್ಟೆಯ ಗೂಡಿನ ರೇಟು ಬೇಕಿತ್ತು. ರೀಲರುಗಳು ಫೋನಿನಲ್ಲೇ ಹರಾಜು ಕೂಗುವ ಕಾಲ. ರೇಟನ್ನು ಇನ್ನೆಲ್ಲಿ ನೋಡುವುದು? "ಒಂಬತ್ತಾಗಲಿ" ಎಂದೆ, ತಬ್ಬಿಕೊಂಡೇ.

ಸಿಟ್ಟು ಬರುವುದು ಮಕ್ಕಳ ಮೇಲಲ್ಲ. ನೋಟ್ಸು, ಫೀಸು, ಇಂಟರ್ನಲ್ ಅಂಕ ಎಲ್ಲವನ್ನೂ ಕಾಲೇಜು ರಾತ್ರಿ ಎಂಟಕ್ಕೆ ವಾಟ್ಸಾಪಿಗೆ ಸುರಿಯುತ್ತದೆ. ಮೊಬೈಲ್ ಗೀಳಿನ ಮೇಲೆ ಉಪನ್ಯಾಸ ಇಡಿಸಿದವರೇ, ಅದರ ಫೋಟೊ ಎಲ್ಲರೂ ಸ್ಟೇಟಸ್ಸಿಗೆ ಹಾಕಿ ಎಂದರಂತೆ.

ಒಂಬತ್ತಕ್ಕೆ ಎಲ್ಲರೂ ಹೋದರು. ಒಬ್ಬ ಹುಡುಗಿ ಮಾತ್ರ ಫೋನು ನೋಡುತ್ತಾ ನಿಂತಿದ್ದಳು. ವಿದ್ಯಾರ್ಥಿವೇತನದ ಅರ್ಜಿಯನ್ನು ಸೈಬರ್ ಅಂಗಡಿಯಲ್ಲಿ ಅಣ್ಣ ತುಂಬಿಸುತ್ತಿದ್ದ, ಅದೇ ಕಡೆಯ ದಿನ. ಓಟಿಪಿ ಬಂದು, ಅವಧಿ ಮುಗಿದು, ಮತ್ತೆ ಬಂದು, ಅಂಗಡಿ ಬಾಗಿಲು ಹಾಕಿತ್ತು. "ಪರವಾಗಿಲ್ಲ ಸಾರ್" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅರ್ಜಿಯ ಗಡುವು ಆಮೇಲೆ ಮುಂದೆ ಹೋಯಿತು, ಅದು ಅವಳ ಪುಣ್ಯ, ನನ್ನದಲ್ಲ.

ಮಾರನೆಯ ಸಂಜೆ ನಿಯಮ ಸಡಿಲಿಸಿದೆ: ಓಟಿಪಿ ಬರುವುದಿದ್ದವರು ಫೋನು ಕೈಯಲ್ಲಿಟ್ಟುಕೊಳ್ಳಬಹುದು. ಕಟ್ಟೆಯ ಮೇಲಿದ್ದ ಎಲ್ಲರಿಗೂ ಓಟಿಪಿ ಬರುವುದಿತ್ತು. ನನಗೂ.