ಬೀಗರ ಜೊತೆ ಒಂದು ದಿನದ ಮೈಸೂರು: ಬಳಸುವ ವಿಧಾನ

ಮಂಡ್ಯದವರಿಗೆ ಮೈಸೂರು ನೋಡುವ ಊರಲ್ಲ, ಹೋಗಿಬರುವ ಊರು. ಹಲ್ಲು ಕೀಳಿಸಲು, ಮದುವೆಗೆ ಸೀರೆ ತರಲು, ಆಸ್ಪತ್ರೆ ಸೇರಿದವರಿಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ಯಲು. ಬರೀ 45 ಕಿಲೋಮೀಟರು. ಇಷ್ಟು ಹತ್ತಿರದ ಊರು ಪ್ರವಾಸದ ಊರಾಗಿ ಚಾಲೂ ಆಗಬೇಕಾದರೆ ಹೊರಗಿನದೊಂದು ಬಿಡಿಭಾಗ ಬೇಕು: ಬೀಗರು. ದೂರದವರಾದಷ್ಟೂ ಒಳ್ಳೆಯದು. ನಮ್ಮಲ್ಲಿರುವುದು ಹುಬ್ಬಳ್ಳಿಯ ಮಾದರಿ; ತಂಗಿಯನ್ನು ಕೊಟ್ಟ ಮನೆ. ‘ಅರಮನಿ ಒಂದು ತೋರಿಸಿಬಿಡ್ರಿ’ ಎಂದು ಅವರು ಅಂದೊಡನೆ ಸಾಧನ ಚಾಲೂ ಆಯಿತೆಂದೇ ತಿಳಿಯಿರಿ. ಆಮೇಲೆ ನಿಲ್ಲಿಸುವ ಗುಂಡಿ ಇಲ್ಲ.

ಭಾನುವಾರವನ್ನೇ ಆರಿಸಿ. ಮಂಗಳವಾರವಂತೂ ಬೇಡ, ಮೃಗಾಲಯಕ್ಕೆ ರಜ. ಚಿತ್ರಾನ್ನವನ್ನು ಹೊರಟವರ ಎರಡರಷ್ಟು ಜನಕ್ಕೆ ಆಗುವಂತೆ ಕಲಸಿ. ‘ಹೊರಗ ತಿಂದ್ರಾತು ಬಿಡ್ರಿ, ಯಾಕ ತ್ರಾಸ್’ ಎಂದು ಬೀಗಿತಿ ಅನ್ನುತ್ತಾರೆ. ಅಮ್ಮ ಕೇಳುವುದಿಲ್ಲ. ಡಬ್ಬಿ ಹೊರುವವರು ಯಾರೆಂಬ ಚರ್ಚೆ ಅನಗತ್ಯ. ಈ ಕೈಪಿಡಿ ಓದುತ್ತಿರುವವರೇ.

ರೈಲಿಳಿದ ಮೇಲೆ ಮೊದಲು ಮೃಗಾಲಯ. 1892ರಷ್ಟು ಹಳೆಯದು, ಬೇಗ ಮುಗಿಯುವಂಥದ್ದಲ್ಲ. ಬಿಸಿಲೇರಿದರೆ ಹುಲಿಯೂ ಮಲಗುತ್ತದೆ, ಬೀಗರ ಕಾಲೂ ಊದುತ್ತದೆ. ಜಿರಾಫೆ ಕಂಡ ತಕ್ಷಣ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದು ಹೊರಬನ್ನಿ. ಚಾಮುಂಡಿ ಬೆಟ್ಟಕ್ಕೆ ಬಸ್ಸೇ ಸರಿ. ಸಾವಿರ ಮೆಟ್ಟಿಲು ಹತ್ತಿಯೇ ಬರುತ್ತೇನೆಂದು ಯಾರಾದರೂ ಹಟ ಹಿಡಿದರೆ ನಂದಿಯ ಹತ್ತಿರ ಕಾಯಿರಿ. ಹಟ ಅಷ್ಟು ಹೊತ್ತಿಗೆ ಇಳಿದಿರುತ್ತದೆ.

ಜಗನ್ಮೋಹನ ಅರಮನೆಯಲ್ಲಿ ಹುಷಾರು. ದೀಪ ಹಿಡಿದ ಹೆಂಗಸಿನ ಚಿತ್ರ ಇರುವುದು ಇಲ್ಲಿಯೇ. ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಒಸರುತ್ತದೆ. ಅದೂ ಬರೀ ಜಲವರ್ಣದಲ್ಲಿ. ಅದರ ಮುಂದೆ ನಿಂತು ನಿಮ್ಮ ಚಿಕ್ಕಪ್ಪ ಬೀಗರಿಗೆ, ‘ಇದು ರವಿವರ್ಮಂದು’ ಎಂದು ಹೇಳಿಯೇ ಹೇಳುತ್ತಾರೆ. ರವಿವರ್ಮನ ಚಿತ್ರಗಳೂ ಆ ಅರಮನೆಯಲ್ಲಿವೆ, ಅದು ಬೇರೆ ಮಾತು. ಇದನ್ನು ಬರೆದವರು ಎಸ್.ಎಲ್. ಹಳದಣ್‌ಕರ್, ದೀಪ ಹಿಡಿದು ನಿಂತವರು ಅವರ ಮಗಳೇ. ತಿದ್ದಲು ಹೋಗಬೇಡಿ. ನಾನು ಹೋದೆ. ಚಿಕ್ಕಪ್ಪ ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ, ಬೀಗರು ಮಾತ್ರ ‘ಯಾರರ ಬರೀಲಿ, ಛಂದ ಐತಿ’ ಎಂದು ಮುಂದೆ ನಡೆದರು.

ಈಗ ದೊಡ್ಡ ಅರಮನೆ. ಚಪ್ಪಲಿಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿಸಿ ಕೊಟ್ಟು ಟೋಕನ್ನನ್ನು ಒಬ್ಬರೇ ಇಟ್ಟುಕೊಳ್ಳಿ. ಅಪ್ಪನ ಕೈಗೆ ಕೊಡಬೇಡಿ. ಅವರು ಜೋಪಾನವಾಗಿಟ್ಟದ್ದು ಅವರಿಗೂ ಸಿಗುವುದಿಲ್ಲ. ಟೋಕನ್ ಕಳೆದರೆ ಆರು ಜನ ಕಾದ ಕಲ್ಲಿನ ಮೇಲೆ ಕಾಲು ಬದಲಿಸುತ್ತ, ‘ಕಂದು ಬಣ್ಣದ್ದು, ಹಿಮ್ಮಡಿ ಸವೆದದ್ದು’ ಎಂದು ಚಪ್ಪಲಿಯ ಚಹರೆ ಹೇಳಬೇಕಾಗುತ್ತದೆ. ಬೀಗರ ಎದುರು ಹಿಮ್ಮಡಿಯ ಸಮಾಚಾರ ಹೊರಬರುವುದು ಶೋಭೆಯಲ್ಲ.

ಒಳಗೆ ಕಲ್ಯಾಣ ಮಂಟಪಕ್ಕೆ ಬಂದಾಗ ವೇಗ ಹೆಚ್ಚಿಸಿ. ತಲೆಯ ಮೇಲೆ ಗ್ಲಾಸ್ಗೋದಿಂದ ತರಿಸಿದ ಬಣ್ಣದ ಗಾಜು, ಅದರ ತುಂಬ ನವಿಲು. ‘ಮದುವಿ ಅಂದ್ರ ಹಿಂಗ ಇರಬೇಕು’ ಎನ್ನುತ್ತಾರೆ ಬೀಗಿತಿ, ಮೇಲೆ ನೋಡುತ್ತಲೇ. ನಮ್ಮ ಛತ್ರದಲ್ಲಿ ಫ್ಯಾನು ತಿರುಗದಿದ್ದದ್ದು, ಎರಡನೇ ಪಂಕ್ತಿಗೆ ಪಾಯಸ ಸಾಲದೆ ಬಂದದ್ದು, ಎರಡೂ ಆ ಒಂದು ಮಾತಿನಲ್ಲಿ ಅಡಗಿವೆ. ಇಂಥ ಹೊತ್ತಿನಲ್ಲಿ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲೇ ಸುಟ್ಟುಹೋಯಿತು, ಈಗಿನದು 1912ಕ್ಕೆ ಮುಗಿದದ್ದು ಎಂಬ ಸಂಗತಿ ಬಹಳ ಉಪಯೋಗಕ್ಕೆ ಬರುತ್ತದೆ. ಅಮ್ಮ ಅದನ್ನು ಗೈಡ್ ಬಾಯಿಂದ ಕೇಳಿಸಿಕೊಂಡು, ‘ರಾಜರ ಮನೆ ಮದ್ವೇಲೇ ಹಂಗಾಯ್ತಂತೆ’ ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡರು. ಪಾಯಸದ ಸುದ್ದಿ ಅಲ್ಲಿಗೆ ಮುಗಿಯಿತು.

ಸಂಜೆ ದೀಪ ಹತ್ತುವವರೆಗೆ ಹುಲ್ಲಿನ ಮೇಲೆ ಕೂರಿಸಿ. ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ತಿಕೊಂಡಾಗ ಇಡೀ ಮೈದಾನ ‘ಹಾ’ ಎನ್ನುತ್ತದೆ. ಆ ಗಳಿಗೆಗೆ ಅಮ್ಮ, ಬೀಗಿತಿ ಇಬ್ಬರೂ ಅರಮನೆಗೆ ಬೆನ್ನು ಹಾಕಿ ಮಲ್ಲಿಗೆಯ ಮೊಳಕ್ಕೆ ಚೌಕಾಸಿ ಮಾಡುತ್ತಿರುತ್ತಾರೆ. ಮಾರುವವಳು ಮೊಳಕೈಯಿಂದ ಅಳೆದದ್ದನ್ನು ಇಬ್ಬರೂ ತಮ್ಮ ತಮ್ಮ ಮೊಳಕೈಯಲ್ಲಿ ಮತ್ತೆ ಅಳೆದು, ನಾಲ್ಕು ಬೆರಳು ಕಮ್ಮಿ ಎಂದು ಒಕ್ಕೊರಲಿನಿಂದ ತೀರ್ಪು ಕೊಟ್ಟರು. ಕರೆಯಬೇಡಿ. ಮದುವೆಯಾದಾಗಿನಿಂದ ಅವರಿಬ್ಬರೂ ಒಂದೇ ಪಕ್ಷದಲ್ಲಿ ನಿಂತದ್ದು ಅದೇ ಮೊದಲು.

ಉಳಿದ ಚಿತ್ರಾನ್ನವನ್ನು ವಾಪಸ್ಸಿನ ರೈಲಿನಲ್ಲಿ, ಪಾಂಡವಪುರ ದಾಟುವುದರೊಳಗೆ ತೆಗೆಯಿರಿ. ‘ನಿಮಗೇನ್ರಿ, ಬೇಕಾದಾಗ ಬಂದು ನೋಡಬಹುದು’ ಎಂದು ಬೀಗರು ಕೈತೊಳೆಯುತ್ತ ಹೇಳಿದರೆ ಹೌದೆನ್ನಿ. ಮುಂದಿನ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ಬಸ್ಸು ಅರಮನೆಯ ಮುಂದೆಯೇ ಹಾದುಹೋಗುತ್ತದೆ. ಕಿಟಕಿಯ ಕಡೆ ತಿರುಗುವ ಅಗತ್ಯವಿಲ್ಲ.